ನಾಲ್ಕನೆಯ ಮಿಸ್ತೆರ್

ಮುಂದಿನ ಸೀಟಿನವನ ಮೊಬೈಲಿನಿಂದ ಹೆಂಗಸೊಬ್ಬಳ ದನಿ ಹೊರಟದ್ದೇ ನತಾಲಿನಳ ಕೈ ತನ್ನಷ್ಟಕ್ಕೆ ಕತ್ತಿನ ಶಿಲುಬೆಗೆ ಹೋಯಿತು. ತನ್ನ ದನಿಯಲ್ಲ. ಯಾರೋ ಬಂಗಡೆ ಸಾರಿಗೆ ತಿರಪಳದ ಕಾಳು ಯಾವಾಗ ಹಾಕಬೇಕೆಂದು ಹೇಳಿಕೊಡುತ್ತಿದ್ದಳು. ಆದರೂ ಕೈ ಶಿಲುಬೆ ಬಿಡಲಿಲ್ಲ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಇಷ್ಟೊಂದು ಮೊಬೈಲುಗಳಿವೆ, ಎಲ್ಲವೂ ಒಂದೊಂದು ಬಾಯಿ ತೆರೆದುಕೊಂಡು ಕೂತಿವೆ ಎಂದು ವರ್ಷಗಟ್ಟಲೆ ಓಡಾಡಿದವಳಿಗೆ ಈ ವಾರವಷ್ಟೇ ಗೊತ್ತಾದದ್ದು. ಅವುಗಳಲ್ಲಿ ಯಾವುದರ ಹೊಟ್ಟೆಯಲ್ಲಿ ತಾನಿದ್ದೇನೋ ಹೇಳುವ ಹಾಗಿಲ್ಲ. ಆ ಮೂಲೆಯ ಹುಡುಗಿ ನಕ್ಕದ್ದು ಯಾಕೆ? ಕಂಡಕ್ಟರ್ ಟಿಕೆಟ್ಟು ಕೊಡುವಾಗ ಒಂದು ಗಳಿಗೆ ಹೆಚ್ಚು ನೋಡಿದನೋ? ನೋಡಲಿ. ಹೌದು ನಾನೇ ಅಂತ ಎದ್ದುನಿಂತು ಕೂಗಿಬಿಡಬೇಕು ಒಂದು ಸಲ, ಇವರೆಲ್ಲರ ಮುಸುಡಿಗೆ. ಅರಗಾದ ನೇವಿ ಗೋಡೆ ಮುಗಿಯದೆ ಬರುತ್ತಲೇ ಇತ್ತು. ಬಿಣಗಾ ದಾಟಿ ಬಸ್ಸು ಸುರಂಗದೊಳಕ್ಕೆ ಹೊಕ್ಕಿತು, ನೆಟ್‌ವರ್ಕ್ ಸತ್ತಿತು, ಅಡುಗೆಯವಳ ಮಾತು ಅರ್ಧಕ್ಕೇ ತುಂಡಾಯಿತು. ನತಾಲಿನ ಕಣ್ಣು ಮುಚ್ಚಿದಳು. ಈ ಗುಡ್ಡದ ಹೊಟ್ಟೆಯಲ್ಲಿ ಮಾತ್ರ ತಾನು ಯಾರ ಕೈಯಲ್ಲೂ ಇಲ್ಲ. ಸುರಂಗ ಇಷ್ಟು ಗಿಡ್ಡ ಯಾಕೆ ಮಾಡಿದರೋ.

ಹೋದ ಶುಕ್ರವಾರ, ಕರೆಸ್ಮ್ ಉಪವಾಸಕಾಲದ ಶಿಲುಬೆಯ ಹಾದಿ ಪ್ರಾರ್ಥನೆ ಮುಗಿದ ಮೇಲೆ, ಅವಳು ಪಾಪನಿವೇದನೆಗೆ ಕೂತಿದ್ದಳು. ಫಾದರ್ ರೊಯ್ಸ್ಟನ್ ಪ್ರಾರ್ಥನೆ ಮುಗಿಸಿ ನೇರ ಬಂದು ಪೆಟ್ಟಿಗೆಯಂಥ ಆ ಗೂಡಿನಲ್ಲಿ ಕೂತಿದ್ದರು. ಕೊರಳಿನ ನೇರಳೆ ಪಟ್ಟಿಯ ಅಡಿಯಲ್ಲಿ ಕಾಲರ್ ಮೈಕ್ ಹಾಗೇ ಇತ್ತು. ಎದುರಿಗೆ ಟ್ರೈಪಾಡಿನ ಮೇಲಿದ್ದ ಮೊಬೈಲು ಬರಿದಾದ ಆಲ್ತಾರಿಯ ಪೀಠವನ್ನು, ನೇರಳೆ ಬಟ್ಟೆ ಹೊದಿಸಿದ ಶಿಲುಬೆಯನ್ನು ನೋಡುತ್ತ ಲೈವ್ ನಡೆಸುತ್ತಲೇ ಇತ್ತು. ಕೊರೊನಾ ಕಾಲದಲ್ಲಿ ಮುದುಕರಿಗೆಂದು ಶುರುಮಾಡಿದ ಲೈವು. ಕೊರೊನಾ ಹೋಯಿತು, ಇದು ಹೋಗಲಿಲ್ಲ. ಅದನ್ನು ನೋಡಿಕೊಳ್ಳುವ ಯುವಕ ಸಂಘದಲ್ಲಿ ಆವತ್ತಿನ ಪಾಳಿ ಅವಳ ಮಗಳು ಸ್ವೀಡಲಳದ್ದೇ. ಅವಳು ಹೊರಗೆ ಅಂಗಳದಲ್ಲಿ ಗೆಳತಿಯರ ಜೊತೆ ನಿಂತು ಏನೋ ಮಾತಾಡುತ್ತಿದ್ದಳು. ಆ ಹೊತ್ತಿಗೆ ನೋಡುತ್ತಿದ್ದವರಿಗೆ ಕಂಡದ್ದು ಮುಸುಕು ಹಾಕಿದ ಶಿಲುಬೆ ಒಂದೇ. ಕೇಳಿದ್ದು ನತಾಲಿನಳ ದನಿ, ಕೊಂಕಣಿಯಲ್ಲಿ: ‘ಫಾದರ್, ನಮ್ಮ ಮಾಂಯ್ ಸಾಯ್ಲಿ ಅಂತ ಬೇಡ್ಕೊಂಡೆ. ಬರೀ ಮನಸ್ಸಲ್ಲಿ ಅಲ್ಲ. ತೇರ್ಸ್ ಮಾಡುವಾಗ, ನಾಲ್ಕನೇ ಮಿಸ್ತೆರ್ ಅದಕ್ಕೇ ಹೇಳಿದೆ. ಬಾಯಲ್ಲಿ ರೋಗಿಗಳಿಗೆ ಅಂದೆ, ಒಳಗೆ ಇವಳನ್ನ ಎತ್ತಿಕೋ ಅಂದೆ. ಒಂದ್ ದಿನ ಅಲ್ಲ. ಇಡೀ ಕರೆಸ್ಮ್.’ ಫಾದರ್ ಅತ್ತೆಗೋಸ್ಕರ ಒಂದು ಪೂರ್ತಿ ತೇರ್ಸ್ ಮಾಡು, ಜಪಮಾಲೆಯ ಐದೂ ಮಿಸ್ತೆರ್, ಎಂದು ಪ್ರಾಯಶ್ಚಿತ್ತ ಕೊಟ್ಟರು. ಪಾಪ ಬಿಡಿಸುವ ಮಾತಿಗೆ ಕೈ ಎತ್ತಿದರು. ಅಷ್ಟರಲ್ಲಿ ಚಪ್ಪಲಿಯ ಸದ್ದು ದಡದಡ ಬಂತು, ಪರದೆ ಸರಕ್ಕನೆ ಸರಿಯಿತು. ‘ಫಾದರ್! ಮೈಕ್! ಮೈಕ್ ಆನ್ ಇದೆ!’ ಮಗಳ ಮುಖ. ಆ ಮುಖ ಮೊದಲು ಪಾದ್ರಿಯನ್ನು ನೋಡಿತು, ಆಮೇಲೆ ಮೊಣಕಾಲೂರಿದ ತಾಯಿಯನ್ನು. ಫಾದರರ ಎತ್ತಿದ ಕೈ ಕೊರಳಿಗೆ ಇಳಿಯಿತು. ನತಾಲಿನ ಎದ್ದು ಹೊರಟುಹೋದಳು. ಯಾರೋ ಅಷ್ಟನ್ನೇ ಕತ್ತರಿಸಿ ಇಟ್ಟುಕೊಂಡು ರಾತ್ರಿಯೊಳಗೆ ವಾಟ್ಸಾಪಿಗೆ ಬಿಟ್ಟಿದ್ದರು, ಕೆಳಗೆ ನಗುವ ಮುಖಗಳ ಸಾಲು. ಪಾಪ ಊರೂರು ತಿರುಗುತ್ತಿದೆ. ಪರಿಹಾರ ಮಾತ್ರ ಆ ಪರದೆಯ ಹತ್ತಿರವೇ, ಪಾದ್ರಿಯ ಅರ್ಧ ಎತ್ತಿದ ಕೈಯಲ್ಲೇ ಉಳಿದುಬಿಟ್ಟಿದೆ.

ಊರು ಕೇಳಿದ್ದಕ್ಕಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದದ್ದು ಒಂದೇ ಪ್ರಶ್ನೆ. ಮಾಂಯ್ ಕೇಳಿದಳೋ? ಅತ್ತೆ ಇನಾಸಿನ್ ಬಾವಿಕಟ್ಟೆಯ ಹತ್ತಿರ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಎರಡು ವರ್ಷ. ಇಗರ್ಜಿಯ ಲೈವೇ ಅವಳ ಇಗರ್ಜಿ. ಸ್ವೀಡಲಳ ಹಳೆಯ ಮೊಬೈಲನ್ನು ಮಂಚದ ಕಂಬಿಗೆ ಲಂಗದ ಇಲಾಸ್ಟಿಕ್ಕಿನಿಂದ ಕಟ್ಟಿಕೊಟ್ಟವಳು ನತಾಲಿನಳೇ. ಕಿವಿ ಮಂದ, ಆದ್ದರಿಂದ ಸೌಂಡು ಯಾವಾಗಲೂ ತುದಿಗೆ. ಆವತ್ತು ಮನೆಗೆ ಬಂದಾಗ ಮುದುಕಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಗೋಡೆಗೇ ಹೇಳಿದ ಹಾಗೆ ಕೇಳಿದ್ದಳು, ‘ಪಾದ್ರಿ ಎಂತ ಪ್ರಾಯಶ್ಚಿತ್ತ ಕೊಟ್ಟ?’ ಯಾರೂ ಯಾರನ್ನೂ ಕೇಳುವ ಪ್ರಶ್ನೆಯಲ್ಲ ಅದು. ನತಾಲಿನ ‘ಎಂದಿನ ಹಾಗೆ’ ಎಂದು ಅಡಿಗೆಮನೆಗೆ ಹೋದಳು. ಮಾರನೆಯ ದಿನದಿಂದ ಮುದುಕಿ ಮೊಬೈಲು ಬೇಡ ಎಂದಳು, ಬಿಚ್ಚಿಸಿ ದಿಂಬಿನಡಿ ಮಗುಚಿ ಇಟ್ಟುಕೊಂಡಳು, ಕಣ್ಣು ಉರಿತದೆ ಅಂತ. ಕೇಳಿದ್ದರೆ ಬೈಯಬಾರದೆ? ಬೈಗುಳದಲ್ಲಿ ಅವಳಿಗೆ ಬರವೇ? ಮದುವೆಯಾದ ಮೊದಲ ಕ್ರಿಸ್‌ಮಸ್ಸಿಗೆ ಸೊಸೆ ಬೆನ್ನು ಬಿರಿಯುವ ಹಾಗೆ ಕೂತು ಕರಿದ ಕರ್ಜಿಕಾಯಿಯಂಥ ನೆವ್ರಿಗಳನ್ನು ತಟ್ಟೆಯಲ್ಲಿಟ್ಟು ಪಕ್ಕದ ದುರ್ಗಪ್ಪನ ಮನೆಗೆ ಕಳಿಸುವಾಗ ‘ಬೇಕರಿದು, ಮನೇಲಿ ಯಾರಿಗೆ ಬರ್ತದೆ’ ಎಂದವಳು. ಅದೇ ಬಾಯಿ ಈಗ ವಾರದಿಂದ ಮುಚ್ಚಿದೆ. ಬೆಳಿಗ್ಗೆ ಮಗ್ಗುಲು ತಿರುಗಿಸಿ, ಬೆನ್ನಿನ ಹುಣ್ಣು ಒರೆಸಿ, ಪೌಡರ್ ಹಾಕುವಾಗ ಆ ಮೌನ ನತಾಲಿನಳ ಕೈಗೆ ಅಂಟುತ್ತದೆ. ಸಂಜೆಯ ತೇರ್ಸ್ ಕೂಡ ನಿಂತುಹೋಗಿತ್ತು. ತಲೆನೋವು ಎಂದಿದ್ದಳು ನತಾಲಿನ, ಮರುದಿನ ಹೊಲಿಗೆ ಇದೆ ಎಂದಿದ್ದಳು, ಆಮೇಲೆ ಏನೂ ಹೇಳುವುದೂ ಬೇಕಾಗಲಿಲ್ಲ. ಕೊಟ್ಟ ಪ್ರಾಯಶ್ಚಿತ್ತವನ್ನೂ ಮಾಡಿರಲಿಲ್ಲ. ಯಾಕೆ ಮಾಡಬೇಕು? ಅರ್ಧ ಬಿಟ್ಟದ್ದು ಅವರು. ನಾನು ಪೂರ್ತಿ ಮಾಡಬೇಕೋ?

ಕಾರವಾರದಲ್ಲಿ ರೂಪೇಶನ ಬಟ್ಟೆ ಅಂಗಡಿಯ ಬಾಗಿಲ ಪಕ್ಕದಲ್ಲಿ ಅವಳ ಮಶಿನ್ನು. ಪ್ಯಾಂಟು ಗಿಡ್ಡ ಮಾಡುವುದು, ಬ್ಲೌಸು ಬಿಡಿಸುವುದು, ಶಾಲೆಯ ಸ್ಕರ್ಟಿಗೆ ಪಟ್ಟಿ ಕೂರಿಸುವುದು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಕೂತರೆ ಯಾರೂ ಮಾತಾಡಿಸುವುದಿಲ್ಲ, ಅದೊಂದು ಸುಖ. ಆದರೆ ಕೌಂಟರಿನ ಅಮಿತಾ ಇವತ್ತು ಮೊಬೈಲು ಹಿಡಿದು ಹತ್ತಿರವೇ ಬಂದಳು. ನಗು ತಡೆಯಲಾಗದೆ ಅವಳ ಭುಜ ಕುಣಿಯುತ್ತಿತ್ತು. ‘ನತಾಲಿನ್ ಬಾಯಿ, ಇದು ಕೇಳಿದ್ರಾ? ನಿಮ್ಮೋರದ್ದೇ ಮಾರಾಯ್ರೆ! ಸದಾಶಿವಗಡದಿಂದ ನನ್ ತಂಗಿ ಕಳ್ಸಿದ್ಲು.’ ಬೇಡ ಎನ್ನಲು ಬಾಯಲ್ಲಿ ಸೂಜಿ. ಮೊಬೈಲಿನಿಂದ ದನಿ ಹೊರಟಿತು. ತನ್ನ ದನಿ ಇಷ್ಟು ತೆಳು, ಇಷ್ಟು ಮೂಗಿನದು ಎಂದು ಅವಳಿಗೆ ಗೊತ್ತಿರಲಿಲ್ಲ. ವಾರದಿಂದ ಹೆದರುತ್ತಿದ್ದದ್ದನ್ನು ಅವಳು ಕೇಳಿದ್ದು ಇದೇ ಮೊದಲು. ಅಲ್ಲಿ ಮೊಣಕಾಲೂರಿ, ಹಲಗೆಯ ವಾಸನೆ ಕುಡಿಯುತ್ತ, ಬೆವರುತ್ತ, ಎಷ್ಟೋ ದಿನ ತಡೆದಿಟ್ಟು ಕಿತ್ತುಕೊಟ್ಟದ್ದು ಇದೇನೋ? ಇದು ಯಾರೋ ಸೊಸೆ ಚಾಡಿ ಹೇಳಿದ ಹಾಗೆ ಕೇಳುತ್ತದೆ. ಅಮಿತಾಳ ಮನೆಮಾತೂ ಕೊಂಕಣಿಯೇ, ಒಂದಕ್ಷರವೂ ಅವಳಿಗೆ ತಪ್ಪಲಿಲ್ಲ. ‘ಅಯ್ಯಯ್ಯೋ, ಇವ್ಳಿಗೊಂದು ಸೀರೆ ಉಡಿಸ್ಬೇಕು! ನಮ್ಮನೆ ಮುದ್ಕಿಗೆ ನಾನೂ ಇದೇ ಬೇಡ್ಕೊಂಡಿದ್ದೆ. ಹರಕೆ ಬೇರೆ. ಕೇಳ್ಸ್ಕೊಂಡ್ನಾ ದೇವ್ರು? ಇವತ್ತಿಗೂ ಎದ್ದು ಕೂತು ದೋಸೆ ಮೇಲೆ ದೋಸೆ ತಿಂತದೆ!’ ಒಳಗಿನಿಂದ ರೂಪೇಶ, ‘ಎಂತದು ಅಮಿತಾ, ನಮ್ಗೂ ಕೇಳ್ಸು’ ಎಂದ. ಅವಳು ಮತ್ತೊಮ್ಮೆ ಒತ್ತಿದಳು. ಎತ್ತಿಕೋ ಅಂದೆ ಎನ್ನುವ ಮೊದಲು ಮೊಬೈಲಿನ ಹೆಂಗಸು ನಾಲಗೆಯನ್ನು ಅಂಗುಳಿಗೆ ಹೊಡೆದು ‘ಚ್’ ಎಂದಳು. ಮಶಿನ್ನಿನ ಮುಂದಿನ ಹೆಂಗಸೂ ಅದೇ ಕ್ಷಣಕ್ಕೆ, ಸೂಜಿಗಳ ನಡುವಿನಿಂದ, ತಡೆಯಲಾಗದೆ, ‘ಚ್’ ಎಂದಳು.

ಅಮಿತಾಳ ಭುಜ ನಿಂತಿತು. ಅವಳು ಮೊಬೈಲು ನೋಡಿದಳು, ನತಾಲಿನಳ ಬಾಯಿ ನೋಡಿದಳು. ‘ಎಂತ ಇಲ್ಲ ಸಾರ್, ಹಳೇ ಜೋಕು’ ಎಂದು ಒಳಗೆ ಕೂಗಿ ಹೇಳಿದಳು. ಆಮೇಲೆ ಚಹಾ ತಂದಳು. ಮಧ್ಯಾಹ್ನ ತನ್ನ ಡಬ್ಬಿಯ ಸುಂಗಟೆ ಸಿಗಡಿಯ ಪಲ್ಯ ಅರ್ಧ ಹಾಕಿದಳು. ಕರೆಸ್ಮಿನ ಶುಕ್ರವಾರ ಮಾಂಸ ಇಲ್ಲ, ಮೀನು ನಡೀತದಲ್ವಾ ಬಾಯಿ, ಎಂದು ನೆನಪಿಟ್ಟು ಕೇಳಿಯೇ ಹಾಕಿದಳು. ಮೆತ್ತಗೆ, ಜ್ವರದವರ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು. ನಕ್ಕಾಗ ಆಗದಷ್ಟು ಸಿಟ್ಟು ನತಾಲಿನಳಿಗೆ ಈಗ ಬಂತು. ಆ ತಟ್ಟೆಯನ್ನು ಅವಳ ಕಡೆ ತಳ್ಳಿ ಹೇಳಬೇಕೆನಿಸಿತು: ನಿನ್ನ ಹರಕೆ ಬೇರೆ, ನನ್ನದು ಬೇರೆ ಕಣೇ. ನಿನಗದು ತಮಾಷೆ. ನಾನು ಅದಕ್ಕೆ ಮರಿಯೆ ಮಾತೆಯ ಬಾಯಿ ಬಳಸಿದೆ. ಒಂದೊಂದು ಮಣಿ ಹಿಡಿದು, ಮುದುಕಿ ಅಲ್ಲೇ ಎದುರಿಗೆ ಮಲಗಿ ನನ್ನ ಪ್ರಾರ್ಥನೆಯ ಉಳಿದರ್ಧವನ್ನು ಹೇಳುತ್ತಿದ್ದಾಗ. ಸ್ವಲ್ಪ ಹೇಳಿ ಮುಗಿಸುವ ವಿಷಯವಲ್ಲ ಅದು. ಆದರೆ ಹೇಳಬೇಕಾದ ಜಾಗದಲ್ಲಿ ಹೇಳಿದ್ದು ಇಲ್ಲಿ ಬಂದು ಬಿದ್ದಿದೆ, ಇನ್ನು ಯಾವ ಜಾಗ ಉಳಿದಿದೆ? ಸುಂಗಟೆ ಉಪ್ಪಿಲ್ಲದ ಹಾಗಿತ್ತು. ತಿಂದಳು. ತಲೆನೋವೆಂದು ರೂಪೇಶನಿಗೆ ಹೇಳಿ ಬೇಗ ಹೊರಟಾಗ ಅವನು ಎಂದೂ ಇಲ್ಲದ ಹಾಗೆ ‘ಹೋಗಿ, ಹೋಗಿ ಬಾಯಿ, ರೆಸ್ಟ್ ಮಾಡಿ’ ಎಂದ. ಅಮಿತಾ ಹೇಳಿರಬೇಕು. ಎಷ್ಟು ಹೊತ್ತು ತಡೆದುಕೊಂಡಾಳು.

ಅಂಕೋಲೆಯ ಇಗರ್ಜಿಯ ಅಂಗಳದಲ್ಲಿ ಫಾದರ್ ರೊಯ್ಸ್ಟನ್ ಸಂಜೆಯ ಶಿಲುಬೆಯ ಹಾದಿಗೆ ಪ್ಲಾಸ್ಟಿಕ್ ಕುರ್ಚಿ ಜೋಡಿಸುತ್ತಿದ್ದರು. ಹೊನ್ನಾವರ ಕಡೆಯ ಎಳೆಯ ಪಾದ್ರಿ. ಒಂದು ನಿಮಿಷದ ಪ್ರವಚನ ಮಾಡಿ ಮೊಬೈಲಿಗೆ ಬಿಡುತ್ತಾರೆ, ಹಿಂದೆ ಮೆಲ್ಲಗೆ ಪಿಯಾನೊ. ಅಂಕೋಲೆಗಿಂತ ಹೊರಗಿನವರೇ ಹೆಚ್ಚು ನೋಡುತ್ತಾರೆ. ಬಂದಂದಿನಿಂದ ಕಂಡಾಗಲೆಲ್ಲ ‘ಇನಾಸಿನ್ ಮಾಂಯ್ ಹೇಗಿದಾರೆ’ ಎಂದು ಕೇಳುತ್ತಿದ್ದವರು ಇವತ್ತು ಕೇಳಲಿಲ್ಲ. ‘ಬಿಸಿಲು ಎಷ್ಟು ಅಲ್ವಾ ಬಾಯ್’ ಎಂದರು, ಕುರ್ಚಿಯ ಕಾಲು ನೋಡುತ್ತ.

‘ಫಾದರ್, ಹೋದ ಶುಕ್ರವಾರ...’

‘ಬಾಯ್, ಇಲ್ಲಿ ಬೇಡ.’

‘ಊರೆಲ್ಲ ಕೇಳಿ ಮುಗಿದ ಮೇಲೆ ಇಲ್ಲಿ ಬೇಡ ಅಂದ್ರೆ? ಎಲ್ಲಿ ಬೇಕು? ಕಾರವಾರದಲ್ಲಿ ಬಟ್ಟೆ ಅಂಗಡೀಲಿ ಹಾಕಿ ಕೇಳ್ತಿದಾರೆ.’

ಅವರ ಕಿವಿ ಕೆಂಪಾಯಿತು. ‘ಗೂಡಿನ ಒಳಗೆ ಕೇಳಿದ್ದನ್ನ ಹೊರಗೆ ನಾನು ಎತ್ತೋ ಹಾಗಿಲ್ಲ. ಯಾರ ಹತ್ರಾನೂ. ನಿಮ್ಮ ಹತ್ರಾನೂ. ನಿಮ್ಗೆ ಗೊತ್ತಿದ್ದದ್ದೇ.’

ಅವಳಿಗೆ ಗೊತ್ತಿತ್ತು. ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು: ಪಾದ್ರಿ ಜೀವ ಕೊಟ್ಟಾನು, ಕೇಳಿದ್ದನ್ನು ಬಾಯಿಬಿಡುವುದಿಲ್ಲ. ಮಗುವಾಗಿದ್ದಾಗ ಅದನ್ನು ಕೇಳಿ ಮೈ ಜುಮ್ಮೆಂದಿತ್ತು. ಈಗ ಆ ಜುಮ್ಮೆನ್ನುವ ನಿಯಮ ಈ ಕೆಂಪು ಕಿವಿಯ ಹುಡುಗನಿಗೆ ಅಡಗಿಕೊಳ್ಳಲು ಒಂದು ಮರವಾಗಿ ನಿಂತಿದೆ. ಜಗತ್ತಿಗೆಲ್ಲ ಬಿಟ್ಟವನು ತನ್ನ ಹತ್ತಿರ ಮಾತ್ರ ಬಾಯಿ ಕಟ್ಟಿಕೊಂಡಿದ್ದಾನೆ. ‘ಹಾಗಾದ್ರೆ ನೀವು ತಪ್ಪಾಯ್ತು ಅನ್ಬೇಕಿದ್ರೂ ನಾನೇ ಮತ್ತೆ ಆ ಪೆಟ್ಟಿಗೇಲಿ ಮೊಣಕಾಲೂರ್ಬೇಕಾ ಫಾದರ್?’

ಫಾದರ್ ಕುರ್ಚಿಯನ್ನು ಇನ್ನೊಂದರ ಮೇಲೆ ಇಟ್ಟು, ಮತ್ತೆ ಕೆಳಗಿಟ್ಟರು. ‘ಬನ್ನಿ ಬಾಯ್, ಈಗ್ಲೇ ಕೂತ್ಕೊಳ್ತೇನೆ. ಅರ್ಧಕ್ಕೆ...’ ಎಂದು ನಿಲ್ಲಿಸಿದರು. ಅಷ್ಟು ಹೇಳಿದ್ದೂ ಹೆಚ್ಚಾಯಿತೇನೋ ಎಂಬಂತೆ ಸುತ್ತ ನೋಡಿದರು.

‘ಮೈಕ್ ತೆಗ್ದಿದೀರಾ?’

ಅವರ ಕೈ ಬೆಚ್ಚಿ ಕೊರಳಿಗೆ ಹೋಯಿತು, ತಡಕಾಡಿತು. ಅಲ್ಲಿ ಏನೂ ಇರಲಿಲ್ಲ. ಆ ಬೆರಳುಗಳನ್ನು ನೋಡಿ ಒಂದು ಕ್ಷಣ ನತಾಲಿನಳಿಗೆ ನಗು ಬಂದಂತಾಯಿತು, ಹಿಂದೆಯೇ ಅಳು, ಎರಡನ್ನೂ ನುಂಗಿದ ಮೇಲೆ ಉಳಿದದ್ದು ಸಿಟ್ಟೇ. ಈತನಿಗೂ ವಾರದಿಂದ ನಿದ್ದೆಯಿಲ್ಲ ಎಂದು ಕಣ್ಣಿನ ಕೆಳಗೆ ಕಾಣುತ್ತಿತ್ತು. ಕಾಣಲಿ. ಅವರ ನಿದ್ದೆ ಅವರದು. ‘ನಾನು ಬರೂದಿಲ್ಲ’ ಎಂದು ಹೇಳಿ ಗೇಟು ದಾಟಿದಳು. ದಾಟಿದ ಮೇಲೆ ಗೊತ್ತಾಯಿತು, ಅಭ್ಯಾಸದಂತೆ ಹಿಂದಿರುಗಿ ನಿಂತು ಇಗರ್ಜಿಯ ಕಡೆ ಶಿಲುಬೆಯ ಗುರುತು ಮಾಡಿಕೊಂಡಿದ್ದಳು. ಅದನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದಿದ್ದರೆ ತೆಗೆದುಕೊಳ್ಳುತ್ತಿದ್ದಳು.

ಬೊಬ್ರುವಾಡದ ಮನೆಯ ಅಂಗಳದಲ್ಲಿ ಸ್ವೀಡಲ್ ಮಾಂಯ್‌ಳ ಹಾಸಿಗೆಯ ಚಾದರ ಒಣಹಾಕುತ್ತಿದ್ದಳು. ಹೇಳಿಸಿಕೊಳ್ಳದೆ ಚಾದರ ಒಗೆಯುವ ಹುಡುಗಿಯಲ್ಲ. ಈ ವಾರ ಒಗೆಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಸಂಘದ ಪಾಳಿ ಬಿಟ್ಟಿದ್ದಾಳೆ, ತಾಯಿಯ ಕಣ್ಣು ಮಾತ್ರ ನೋಡುವುದಿಲ್ಲ. ಮೊದಲ ರಾತ್ರಿ ಜಗಳವಾಗಿತ್ತು. ‘ಫಾದರ್ ಮೈಕ್ ತೆಗೀದೆ ಕೂತಿದಾರೆ ಅಂತ ನಂಗೆ ಕನಸು ಬೀಳ್ತದಾ?’ ಎಂದು ಕಿರುಚಿದ್ದಳು. ಆಮೇಲೆ ಸಣ್ಣ ದನಿಯಲ್ಲಿ, ‘ಮಾಂಯ್ ಬಗ್ಗೆ ನೀನು ಹಾಗೆ ಬೇಡ್ಕೋಬಹುದಾ ಮಮ್ಮಿ?’ ಎಂದಿದ್ದಳು. ಎರಡನೆಯ ಮಾತಿಗೆ ಕಪಾಳಕ್ಕೆ ಕೊಟ್ಟಿದ್ದಳು ನತಾಲಿನ. ಹುಣ್ಣು ಒರೆಸಿದ್ದೀಯಾ ನೀನು? ರಾತ್ರಿ ನನ್ನ ಹೆಸರು ಕೂಗುವಾಗ ಎದ್ದಿದ್ದೀಯಾ? ನಿನ್ನ ಅಪ್ಪ ವಾಸ್ಕೊದಲ್ಲಿ ಟೆಂಪೊ ಓಡಿಸುತ್ತಾನೆ, ಬಂದ ಭಾನುವಾರ ತಾಯಿಯ ಕೈ ಹಿಡಿದು ಅಳುತ್ತಾನೆ, ಸಂಜೆಗೆ ಬಸ್ಸು ಹತ್ತುತ್ತಾನೆ. ಅವನಿಗೆ ಅಳುವ ಕೆಲಸ, ನನಗೆ ಒರೆಸುವ ಕೆಲಸ. ಇದನ್ನೆಲ್ಲ ಆವತ್ತು ಅಂದಿರಲಿಲ್ಲ, ಹೊಡೆದಿದ್ದಳು ಅಷ್ಟೇ. ಈಗ ಹುಡುಗಿಯ ಒದ್ದೆ ಕೈಯಿಂದ ಚಾದರದ ಇನ್ನೊಂದು ತುದಿ ತೆಗೆದುಕೊಂಡಳು. ಇಬ್ಬರೂ ಸೇರಿ ಹಿಂಡಿದರು. ಹಿಂಡುವಾಗ ಒಬ್ಬರ ಮುಖ ಒಬ್ಬರು ನೋಡದೆ ಇರಲಾಗುವುದಿಲ್ಲ.

ಇಗರ್ಜಿಯಲ್ಲಿ ಸಂಜೆಯ ಆಂಜೆಲುಸ್ ಗಂಟೆ ಹೊಡೆದಾಗ ಒಳಗಿನಿಂದ ಕೂಗು ಬಂತು. ‘ತೇರ್ಸ್ ಇಲ್ವಾ ಈ ಮನೇಲಿ? ಹಿಂದೂಗಳ ಮನೇಲಾದ್ರೂ ದೀಪ ಹಚ್ತಾರೆ!’ ವಾರದ ಮೌನ ಒಡೆದದ್ದು ಹೀಗೆ, ಬೈಗುಳದಿಂದಲೇ. ಸ್ವೀಡಲ್ ಗೋಡೆಯ ಆಲ್ತಾರಿಗೆ ಮೇಣದ ಬತ್ತಿ ಹಚ್ಚಿದಳು. ಮುದುಕಿಯನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಶುಕ್ರವಾರ, ಯೇಸುವಿನ ಸಂಕಟದ ಐದು ಘಟ್ಟಗಳನ್ನು ನೆನೆಯುವ ದುಃಖದ ಮಿಸ್ತೆರುಗಳು. ಮನೆಯ ಪದ್ಧತಿಯಲ್ಲಿ ಮೊದಲೆರಡು ಮುದುಕಿ ನಡೆಸುತ್ತಾಳೆ, ಮೂರನೆಯದು ಹುಡುಗಿ, ನಾಲ್ಕನೆಯದು ಸೊಸೆ, ಐದನೆಯದು ಮತ್ತೆ ಮುದುಕಿ. ನಡೆಸುವವರು ಇದು ಇಂಥವರಿಗಾಗಿ ಎಂದು ಮೊದಲೇ ಹೇಳಬೇಕು. ಮೊದಲನೆಯದನ್ನು ಮುದುಕಿ ಸತ್ತ ಗಂಡನ ಆತ್ಮಕ್ಕೆ ಕೊಟ್ಟಳು. ಎರಡನೆಯದನ್ನು ವಾಸ್ಕೊದ ಮಗನಿಗೆ. ಸ್ವೀಡಲ್ ಪರೀಕ್ಷೆ ಬರೆಯುವವರಿಗೆ ಎಂದಳು. ನಮಾನ್ ಮರಿಯೆ ಜಪಗಳು ಒಂದರ ಹಿಂದೊಂದು ಹೋದವು. ನತಾಲಿನಳ ಬೆರಳು ನಾಲ್ಕನೆಯ ದೊಡ್ಡ ಮಣಿಯ ಮೇಲೆ ಬಂದು ನಿಂತಿತು. ಯೇಸು ಶಿಲುಬೆ ಹೊತ್ತು ನಡೆದ ಮಿಸ್ತೆರ್.

‘ನಾಲ್ಕನೇದು...’ ಎಂದಳು. ಮುದುಕಿಯ ಕಣ್ಣು ಮೇಣದ ಬತ್ತಿಯ ಮೇಲಿತ್ತು. ‘ನಾಲ್ಕನೇದು ರೋಗಿಗಳಿಗೆ.’

‘ಯಾರಿಗೆ ಗೋ?’

‘ರೋಗಿಗಳಿಗೆ ಮಾಂಯ್.’

‘ಆಲ್ತಾರಿ ಮುಂದೆ ಸುಳ್ಳು ಹೇಳ್ಬೇಡ.’

ಸ್ವೀಡಲಳ ಕೈಯಿಂದ ಜಪಮಾಲೆ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ. ಮುದುಕಿ ದಿಂಬಿನ ಅಡಿಯಿಂದ ಮೊಬೈಲು ಎಳೆದು ಹಾಸಿಗೆಯ ಮೇಲೆ ಎಸೆದಳು. ‘ಈ ಡಬ್ಬೀಲಿ ನಾನು ಏನೂ ಕೇಳ್ಲಿಲ್ಲ ಅಂದ್ಕೊಂಡ್ಯಾ? ಕಿವಿ ಮಂದ ಅಂತ ಸೌಂಡು ಜೋರಾಗಿ ಇಟ್ಟೋಳು ನೀನೇ.’

‘ಕೇಳಿದ್ರೆ ಅವತ್ತೇ ಬೈಬೇಕಿತ್ತು!’ ನತಾಲಿನ ಎದ್ದುನಿಂತಿದ್ದಳು, ಯಾವಾಗ ಎದ್ದಳೋ. ವಾರದ ಎಲ್ಲವೂ ಒಟ್ಟಿಗೇ ಬಾಯಿಗೆ ಬಂತು, ಬಸ್ಸು, ಅಮಿತಾಳ ಸುಂಗಟೆ, ಪಾದ್ರಿಯ ಬೆರಳು, ಹಳೆಯ ನೆವ್ರಿಯ ತಟ್ಟೆ. ‘ಬೇಡ್ಕೊಂಡೆ, ಹೌದು! ಬೇಡ್ಕೊಂಡೂ ಬೆಳಿಗ್ಗೆ ಎದ್ದು ನಿಮ್ಮ ಬೆನ್ನು ಒರೆಸ್ದೆ. ಅದನ್ನ ಯಾವ ಮೈಕೂ ಹಿಡೀಲಿಲ್ಲ! ವಾರದಿಂದ ಗೋಡೆ ನೋಡ್ತಾ ಮಲಗಿ ನನ್ನ ಸಾಯಿಸ್ತಿದೀರಲ್ಲ, ಬೈರಿ ಈಗ, ಬೈರಿ!’

ಮುದುಕಿ ಬೈಯಲಿಲ್ಲ. ‘ಎರಡು ವರ್ಷದಿಂದ ನಾನು ಎಂತ ಬೇಡ್ತಿದೀನಿ ಅಂದ್ಕೊಂಡೆ, ಹುಚ್ಚಿ? ನೀನು ಒಂದು ಮಿಸ್ತೆರ್. ನಾನು, ಯಾರು ನಡೆಸಿದ್ರೂ, ಐದೂ. ಗಂಡನಿಗೆ ಅಂತೀನಿ, ಮಗನಿಗೆ ಅಂತೀನಿ, ಒಳಗೆ ಅದೇ. ಮೇಲಿನೋನು ಕೇಳೂದಿಲ್ಲ.’ ಉಸಿರು ತೆಗೆದುಕೊಂಡಳು. ‘ಆದ್ರೆ ಸಾವು ನಂದು. ನನ್ನ ಕೇಳದೆ ನೀನು ಯಾಕೆ ಕದ್ದು ಬೇಡ್ಬೇಕು? ನನ್ನ ಎದುರಿಗೇ ಕೂತು ಕಳ್ಳರ ಹಾಗೆ? ನನ್ನ ಹತ್ರಾನೇ ಉಳಿದರ್ಧ ಸಾಂತಾ ಮರಿಯೆ ಅನ್ನಿಸ್ಕೊಂಡು? ಅದಕ್ಕೆ ನಂಗೆ ಸಿಟ್ಟು. ಪಾದ್ರಿಗೆ ಹೇಳ್ತೀಯ, ಊರಿಗೆ ಹೇಳ್ತೀಯ, ಮಲಗಿದೋಳಿಗೆ ಹೇಳೂದಿಲ್ಲ.’

ಮೇಣದ ಬತ್ತಿ ಚಟಪಟ ಅಂದಿತು. ಪಕ್ಕದ ದುರ್ಗಪ್ಪನ ಮನೆಯಲ್ಲಿ ಟಿವಿ ನಡೆಯುತ್ತಿತ್ತು. ಸ್ವೀಡಲ್ ಹಾಸಿಗೆಯ ಮೇಲಿನ ಮೊಬೈಲು ತೆಗೆದುಕೊಂಡು ಪೂರ್ತಿ ಆಫ್ ಮಾಡಿದಳು, ಪರದೆ ಕಪ್ಪಾಗುವ ತನಕ ಬಿಡದೆ ಒತ್ತಿ ಹಿಡಿದಳು. ತನ್ನದನ್ನೂ ಆಫ್ ಮಾಡಿದಳು. ಆಮೇಲೆ ನೆಲದಿಂದ ಜಪಮಾಲೆ ಎತ್ತಿ ತಾಯಿಯ ಪಕ್ಕ ಮೊಣಕಾಲೂರಿದಳು.

‘ಹೇಳು’ ಎಂದಳು ಮುದುಕಿ. ‘ಯಾರಿಗೆ?’

ಈ ಮುದುಕಿಗೆ ಇದೊಂದು ಗೆಲುವು, ಎಂದಿತು ನತಾಲಿನಳ ಮನಸ್ಸು. ನನ್ನ ಪಾಪವನ್ನೂ ಇವಳೇ ತೆಗೆದುಕೊಂಡು ಯಜಮಾನಿಕೆ ಮಾಡುತ್ತಾಳೆ. ಹಲ್ಲು ಕಚ್ಚಿಕೊಂಡಳು. ನಾಲಗೆ ಅಂಗುಳಿಗೆ ತಾಗಿ ‘ಚ್’ ಎಂದಿತು. ಮುದುಕಿಯ ತುಟಿ ಒಂದು ಕಡೆ ಓರೆಯಾದದ್ದನ್ನು ಅವಳು ನೋಡಿದಳು. ಮೊಣಕಾಲೂರಿದಳು, ಮಣಿ ಹಿಡಿದಳು.

‘ನಾಲ್ಕನೇ ಮಿಸ್ತೆರ್ ಮಾಂಯ್‌ಗೆ. ಒಳ್ಳೇ ಸಾವು ಬರ್ಲಿ ಅಂತ.’

‘ಬೇಗ ಅನ್ನು.’

‘ಬೇಗ’ ಎಂದಳು ನತಾಲಿನ. ಅವಳ ದನಿ ಒಡೆಯಿತು, ಸಿಟ್ಟಿನಿಂದಲೋ ಏನೋ ಅವಳಿಗೇ ತಿಳಿಯಲಿಲ್ಲ. ಪರಲೋಕದ ಬಾಪಾ ಪ್ರಾರ್ಥನೆ ಮುಗಿಸಿ ನಮಾನ್ ಮರಿಯೆ ಶುರುಮಾಡಿದಳು, ತನ್ನ ಅರ್ಧ ಹೇಳಿದಳು. ಉಳಿದರ್ಧವನ್ನು ಹಾಸಿಗೆಯಿಂದ ಒಣಗಿದ ಗಂಟಲು ಎತ್ತಿಕೊಂಡಿತು, ಎಷ್ಟೋ ಸಾವಿರ ಸಲ ಹೇಳಿ ಸವೆಸಿದ್ದ ಅದೇ ಮಾತು: ಪಾಪಿಗಳಾದ ನಮಗಾಗಿ ಬೇಡು, ಈಗಲೂ, ನಮ್ಮ ಮರಣದ ಹೊತ್ತಿನಲ್ಲೂ.

ಎರಡನೆಯ ಮಣಿಗೆ ನತಾಲಿನಳ ದನಿ ಮೆತ್ತಗಾಯಿತು.

‘ಜೋರಾಗಿ ಹೇಳು ಗೋ’ ಎಂದು ಗದರಿದಳು ಮಾಂಯ್, ‘ಕೇಳ್ಸೂದಿಲ್ಲ.’

ನತಾಲಿನ ಜೋರಾಗಿ ಹೇಳಿದಳು.